ಆ ದಿನ ಸೂರ್ಯ ಹಸಿರಾಗಿರಲಿಲ್ಲ

ವಿಚಿತ್ರ ಅನುಭವಗಳನ್ನು ಹೇಳುವವರ ಮಾತನ್ನು ನಾನು ನಂಬಿದವನಲ್ಲ. ಯಾರಾದರೂ "ನಾನೇ ಕಣ್ಣಾರೆ ಕಂಡದ್ದು" ಎಂದು ಶುರುಮಾಡಿದರೆ ಸಾಕು, ಆಗ ಕತ್ತಲಿತ್ತೇ, ನಿಮಗೆ ನಿದ್ದೆಗಣ್ಣೇ, ಜೊತೆಗೆ ಬೇರೆ ಯಾರಿದ್ದರು ಎಂದು ಒಂದರ ಮೇಲೊಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಭೌತಶಾಸ್ತ್ರದಲ್ಲಿ ಪದವಿ ಪಡೆದವನೆಂಬ ಜಂಬವೂ ಸ್ವಲ್ಪ ಇತ್ತು. ಈಗ ನನ್ನದೇ ಅನುಭವವೊಂದನ್ನು ಬರೆಯಲು ಕೂತಾಗ ಆ ಪ್ರಶ್ನೆಗಳೆಲ್ಲ ನನ್ನ ಕಡೆಗೇ ತಿರುಗಿವೆ. ಕತ್ತಲಿರಲಿಲ್ಲ, ದಿಲ್ಲಿಯ ಚಳಿಗಾಲದ ಒಳ್ಳೆಯ ಬಿಸಿಲು. ನಿದ್ದೆಗಣ್ಣೂ ಅಲ್ಲ. ಜೊತೆಗೆ ಜನರಿದ್ದರು. ಫೋಟೋ ಕೂಡ ಇದೆ. ಇಷ್ಟೆಲ್ಲ ಇದ್ದೂ ನನ್ನ ಬಳಿ ಉತ್ತರವಿಲ್ಲ. ಓದುವವರು ನಂಬಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಅಂಕೋಲೆಯ ಕಡೆಯವರು. ಹರೆಯದಲ್ಲೇ ದಿಲ್ಲಿಗೆ ಬಂದು ಒಂದು ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದರು. ನಾನು ಆಗಷ್ಟೇ ಫರೀದಾಬಾದಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಹಿಡಿದಿದ್ದೆ. ಮನೆಯಲ್ಲಿ ಇದ್ದದ್ದು ಅಪ್ಪ, ಆಯಿ, ನಾನು, ಮೂವರೇ. ನಮ್ಮ ಕಡೆ ತಾಯಿಗೆ ಆಯಿ ಎನ್ನುತ್ತೇವೆ, ಮಗನನ್ನು ತಮಾ ಎಂದು ಕರೆಯುತ್ತೇವೆ.

ಅಪ್ಪನಿಗೆ ಕಾಣುತ್ತಿದ್ದದ್ದು ಒಂದೇ ಕಣ್ಣು. ಹುಡುಗನಾಗಿದ್ದಾಗ ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿಬಂದು ಎಡಗಣ್ಣಿಗೆ ಬಡಿದು ಅದರ ದೃಷ್ಟಿ ಹೋಗಿತ್ತು. ಉಳಿದ ಬಲಗಣ್ಣಿನಿಂದಲೇ ಅವರು ಜೀವಮಾನವೆಲ್ಲ ಸಣ್ಣ ಅಕ್ಷರಗಳನ್ನು ತಿದ್ದಿದವರು. ಮನೆಯ ಅನ್ನ, ನನ್ನ ಓದು ಎಲ್ಲ ಆ ಒಂದು ಕಣ್ಣಿನಿಂದಲೇ ಬಂದದ್ದು. ಆಯಿ ಅದನ್ನು ಕಾಯುತ್ತಿದ್ದ ರೀತಿ ನೋಡಬೇಕಿತ್ತು. ಒಗ್ಗರಣೆ ಸಿಡಿಯುವಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವ ಹಾಗಿರಲಿಲ್ಲ. ದೀಪಾವಳಿಯಲ್ಲಿ ಅಂಗಳಕ್ಕಿಳಿಯುವ ಹಾಗಿರಲಿಲ್ಲ. ಹೋಳಿಯ ದಿನ ಬೆಳಗ್ಗೆಯಿಂದಲೇ ಒಳಗಿನಿಂದ ಚಿಲಕ. ಹೊರಗೆ ಮುದ್ರಣಾಲಯದ ಗೆಳೆಯರು ಬಣ್ಣ ಹಿಡಿದು "ನಾಯಕ್ ಜೀ, ಬಾಹರ್ ಆಯಿಯೇ" ಎಂದು ಅಪ್ಪನನ್ನು ಹೊರಗೆ ಕರೆದರೂ ಆಯಿ ಬಾಗಿಲು ತೆಗೆಯುತ್ತಿರಲಿಲ್ಲ.

ಮುಂದಿನ ವರ್ಷ ನಮ್ಮೂರಿನ ಮೇಲೆಯೇ ಸಂಪೂರ್ಣ ಸೂರ್ಯಗ್ರಹಣ ಹಾದುಹೋಗಲಿದೆ ಎಂದು ಪತ್ರಿಕೆಯಲ್ಲಿ ಓದಿದಂದಿನಿಂದ ಅದರ ಫೋಟೋ ತೆಗೆಯಬೇಕೆಂಬ ಹುಚ್ಚು ನನಗೆ ಹಿಡಿಯಿತು. ಅಪ್ಪನಿಗೆ ನನಗಿಂತ ಹೆಚ್ಚು. ಜಾಮಾ ಮಸೀದಿಯ ಹಿಂದೆ ಗುಜರಿ ಸಾಮಾನು ಮಾರುವ ಕಬಾಡಿ ಬಜಾರಿನಲ್ಲಿ ಒಂದು ಹಳೆಯ ಮಸೂರ ಸಿಕ್ಕಿತು. ಅದನ್ನು ಉದ್ದದ ಕೊಳವೆಗೆ ಕೂರಿಸಿ ದೂರದರ್ಶಕ ಮಾಡಿಕೊಂಡೆ. ಕೊಳವೆಯ ಹಿಂಬದಿಗೆ ಬೇಕಾದರೆ ಕಣ್ಣಿಟ್ಟು ನೋಡುವ ಗಾಜು, ಬೇಕಾದರೆ ನನ್ನ ರಷ್ಯನ್ ಕ್ಯಾಮೆರಾ ಕೂರುವಂತೆ ಕಾರ್ಖಾನೆಯಲ್ಲಿ ಒಂದು ಲೋಹದ ಬಳೆ ಕಡೆಸಿ ತಂದೆ. ಗ್ರಹಣ ಬರುವವರೆಗೆ ಸುಮ್ಮನೆ ಕೂರುವುದೇಕೆ, ಸೂರ್ಯನ ಮೇಲಿನ ಕಲೆಗಳ ಫೋಟೋ ತೆಗೆದು ಕೈ ಪಳಗಿಸಿಕೊಳ್ಳೋಣ ಎಂದುಕೊಂಡೆವು. ಆ ವರ್ಷಗಳಲ್ಲಿ ಸೂರ್ಯನ ಮೇಲೆ ಕಲೆಗಳೂ ಧಾರಾಳವಾಗಿದ್ದವು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ದೂರದರ್ಶಕದಲ್ಲಿ ಸೂರ್ಯನನ್ನು ಬರಿದೇ ನೋಡುವಂತಿಲ್ಲ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುವುದನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿ ಕಾಗದದ ಜಾಗದಲ್ಲಿ ಕಣ್ಣಿರುತ್ತದೆ. ಅದಕ್ಕೆ ಕೊಳವೆಯ ಮುಂದಿನ ಬಾಯಿಗೆ ದಟ್ಟ ಕಪ್ಪು ಗಾಜು ಕಟ್ಟಲೇಬೇಕು. ನಾನು ಕಾರ್ಖಾನೆಯಿಂದ ವೆಲ್ಡಿಂಗ್ ಗಾಜುಗಳನ್ನು ತಂದು, ಕಾಫಿಪುಡಿ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಎರಡು ಗಾಜು ಒಂದರ ಮೇಲೊಂದು ಕೂರಿಸಿ, ಮುಚ್ಚಳಕ್ಕೆಲ್ಲ ಕಪ್ಪು ಬಣ್ಣ ಬಳಿದಿದ್ದೆ. ಅದು ಕೊಳವೆಯ ಬಾಯಿಗೆ ಬಿಗಿಯಾಗಿ ಕೂರುತ್ತಿತ್ತು. ಆ ಗಾಜಿನ ಮೂಲಕ ಸೂರ್ಯ ಹಸಿರಾಗಿ ಕಾಣುತ್ತಿದ್ದ. ಎಳೆ ಬಾಳೆಎಲೆಯ ಹಸಿರು. ಅಪ್ಪ ಮೊದಲ ಸಲ ನೋಡಿದಾಗ "ಇದೇನು ತಮಾ, ಸೂರ್ಯನಿಗೆ ಪಾಚಿ ಹಿಡಿದಿದೆಯಲ್ಲ!" ಎಂದಿದ್ದರು.

ಬಿಡುವಿದ್ದಾಗಲೆಲ್ಲ ಮಾಳಿಗೆಯ ಮೇಲೆ ಕೊಳವೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ ಅಲ್ಲೇ ಫಿಲ್ಮ್ ತೊಳೆಯುತ್ತಿದ್ದೆ. ಫಿಲ್ಮಿನ ಮೇಲೆ ಸೂರ್ಯ ಬಟಾಣಿಯಷ್ಟು. ದೊಡ್ಡದು ಮಾಡಿ ಅಚ್ಚು ಹಾಕಿದಾಗ ಕಲೆಗಳು ಮೆಲ್ಲನೆ ಮೂಡುತ್ತಿದ್ದವು. ಇವತ್ತು ಒಂದು ಅಂಚಿನಲ್ಲಿ ಕಂಡ ಕಲೆ ದಿನ ಕಳೆದಂತೆ ಮಧ್ಯಕ್ಕೆ ಬಂದು, ಇನ್ನೊಂದು ಅಂಚಿಗೆ ಸರಿದು, ಮರೆಯಾಗುತ್ತಿತ್ತು. ಅಷ್ಟು ದೊಡ್ಡ ಸೂರ್ಯ ನಮ್ಮ ಬಚ್ಚಲಮನೆಯಲ್ಲಿ ತಿರುಗುತ್ತಿರುವುದು ಗೊತ್ತಾಗುತ್ತಿತ್ತು.

ಫೋಟೋ ತೆಗೆದಾದ ಮೇಲೆ ಕ್ಯಾಮೆರಾ ಬಿಚ್ಚಿ, ಕಣ್ಣಿಡುವ ಗಾಜು ಹಾಕಿ, ಅಪ್ಪನಿಗೆ ಕೊಡುವುದು ನಮ್ಮ ಪದ್ಧತಿ. ಅವರು ಕಲೆಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಿದ್ದರು. "ದೂರದರ್ಶಕ ಮಾಡಿದವನು ನನ್ನನ್ನೇ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದಾನೆ. ನೀವೆಲ್ಲ ಒಂದು ಕಣ್ಣು ಮುಚ್ಚಿಕೊಳ್ಳಲಿಕ್ಕೆ ಒದ್ದಾಡ್ತೀರಿ. ನನಗೆ ಆ ತಾಪತ್ರಯವೇ ಇಲ್ಲ" ಎಂದು ನಗುತ್ತಿದ್ದರು. ಪಕ್ಕದ ಮನೆಯ ಭಾಟಿಯಾ ಆಂಟಿ ಅದೇ ಮಾಳಿಗೆಯಲ್ಲಿ ಸಂಡಿಗೆಯಂಥ ಉದ್ದಿನ ವಡಿ ಒಣಗಿಸುತ್ತಿದ್ದರು. "ನಾಯಕ್ ಜೀ, ಆಜ್ ಸೂರಜ್ ಮೇ ಕಿತನೇ ದಾಗ್?" ಎಂದು ಇವತ್ತಿನ ಕಲೆಗಳ ಲೆಕ್ಕ ಕೇಳಿ ಕಿಚಾಯಿಸಿದರೆ ಅಪ್ಪ ತಿರುಗದೆಯೇ, "ಪಾಂಚ್ ಗಲತಿಯಾಂ, ಬೆಹನ್‌ಜೀ. ಭಗವಾನ್ ಕೋ ಭೀ ಪ್ರೂಫ್ ರೀಡರ್ ಚಾಹಿಯೇ" ಎನ್ನುತ್ತಿದ್ದರು. ಐದು ತಪ್ಪುಗಳಂತೆ, ದೇವರಿಗೂ ಕರಡು ತಿದ್ದುವವನೊಬ್ಬ ಬೇಕಂತೆ. ಆಯಿಗೆ ಈ ಮಾತು ಹಿಡಿಸುತ್ತಿರಲಿಲ್ಲ. "ಅವನ ತಪ್ಪು ಎಣಿಸಲಿಕ್ಕೆ ಹೋಗ್ಬೇಡಿ" ಎಂದು ಕೆಳಗಿನಿಂದಲೇ ಗದರುತ್ತಿದ್ದಳು.

ಆ ದಿನ ಭಾನುವಾರ, ರಥಸಪ್ತಮಿಯೂ ಹೌದು. ಆಯಿ ಹಿಂದಿನ ಸಂಜೆಯೇ ರೈಲು ಹಳಿಯ ಪಕ್ಕದ ಪಾಳುಜಾಗದಿಂದ ಎಕ್ಕದ ಎಲೆ ಕೊಯ್ದು ತಂದಿದ್ದಳು. ಬೆಳಗ್ಗೆ ಚಳಿಗೆ ನಡುಗುತ್ತಾ, ತಲೆ ಮೇಲೆ ಭುಜದ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಮೂವರದೂ ಸ್ನಾನವಾಯಿತು. ಬೆಳಗ್ಗೆ ದಟ್ಟವಾಗಿ ಮಂಜು ಮುಸುಕಿತ್ತು. ತಿಂಡಿ ತಿಂದು ಮುಗಿಸುವಷ್ಟರಲ್ಲಿ ಕರಗಿ, ಬಿಸಿಲು ಚೆನ್ನಾಗಿ ಬಂತು. ಬಟ್ಟೆ ಒಣಗಿಸುವ ತಂತಿಯ ನೆರಳು ಮಾಳಿಗೆಯ ನೆಲದ ಮೇಲೆ ಗೆರೆ ಎಳೆದಂತೆ ಬಿದ್ದಿತ್ತು. ಈ ನೆರಳಿನ ಮಾತನ್ನು ನೆನಪಿಟ್ಟುಕೊಳ್ಳಿ.

ನಾನು ಮುಚ್ಚಳವನ್ನು ಕೊಳವೆಯ ಬಾಯಿಗೆ ಒತ್ತಿ ಕೂರಿಸಿ, ಅಲುಗಾಡಿಸಿ ನೋಡಿ, ಎಂದಿನಂತೆ ಫೋಟೋಗಳನ್ನು ತೆಗೆದೆ. ಹಸಿರು ಸೂರ್ಯನೇ ಕಂಡ. ಕ್ಯಾಮೆರಾ ಬಿಚ್ಚಿದ ಮೇಲೆ ನೋಡಿದರೆ ಕಣ್ಣಿಡುವ ಗಾಜು ಕೆಳಗೆ ಮನೆಯಲ್ಲೇ ಉಳಿದಿತ್ತು. ಅದನ್ನು ತರಲು, ಅಪ್ಪನನ್ನು ಕರೆಯಲು ಇಳಿದುಹೋದೆ. ಅಪ್ಪ ಸ್ವೆಟರ್ ಹುಡುಕಿದರು, ಕಾಫಿಯ ಕೊನೆಯ ಗುಟುಕು ಮುಗಿಸಿದರು. ಅಷ್ಟರಲ್ಲಿ ಆಯಿ ತಂಬಿಗೆ ಹಿಡಿದು ಸೂರ್ಯನಿಗೆ ಅರ್ಘ್ಯ ಕೊಡಲು ಮೇಲೆ ಹೋಗಿದ್ದಳು.

ನಾವು ಹತ್ತಿ ಬಂದಾಗ ಆಯಿ ಮಾಳಿಗೆಯ ಆಚೆ ಮೂಲೆಯಲ್ಲಿ ನಮಗೆ ಬೆನ್ನು ಮಾಡಿ ರಥದ ರಂಗೋಲಿ ಎಳೆಯುತ್ತಿದ್ದಳು. ಭಾಟಿಯಾ ಆಂಟಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚಕ್ರ ಯಾಕೆ ಒಂದೇ ಎಂದು ಕೇಳುತ್ತಿದ್ದರು. ನಾನು ಹಿಂಬದಿಗೆ ನಿಂತು ಕಣ್ಣಿಡುವ ಗಾಜು ಕೂರಿಸಿದೆ. ಅಪ್ಪ ಕೊಳವೆಯನ್ನು ತಾವೇ ತಿರುಗಿಸಿದರು. ಸೂರ್ಯನ ಕಡೆ ಕೊಳವೆ ಸರಿಯಾಗಿ ತಿರುಗಿದೆಯೇ ಎಂದು ತಿಳಿಯುವುದು ನೆರಳಿನಿಂದ: ಉದ್ದದ ನೆರಳು ಕುಗ್ಗುತ್ತಾ ಬಂದು ದುಂಡಗಾದರೆ ಗುರಿ ಸರಿಯಾಯಿತು ಎಂದರ್ಥ. "ದುಂಡಗಾಯ್ತು" ಎಂದು ಅಪ್ಪ ಕಣ್ಣಿಟ್ಟರು. ಮುಚ್ಚಳವಿಲ್ಲದಿದ್ದರೆ ಆ ಹೊತ್ತಿಗೆ ಹಿಂದಿನ ಗಾಜಿನಿಂದ ಉರಿಯುವ ಬೆಳಕೊಂದು ಹೊರಟು ಅಪ್ಪನ ಸ್ವೆಟರಿನ ಮೇಲೋ ಕೆನ್ನೆಯ ಮೇಲೋ ಬೀಳಬೇಕಿತ್ತು. ಬಿತ್ತೇ? ಎಷ್ಟು ನೆನಪಿಸಿಕೊಂಡರೂ ಬಿದ್ದದ್ದನ್ನು ನಾನು ನೋಡಿಲ್ಲ.

"ತಮಾ, ಇವತ್ತು ಹಸಿರಿಲ್ಲ ಮಾರಾಯ" ಎಂದರು ಅಪ್ಪ.

"ಮತ್ತೆ ಹೇಗಿದೆ?"

"ಬೆಳ್ಳಗಿದೆ. ಚಿಪ್ಪಿನ ಒಳಮೈ ಇರ್ತದಲ್ಲ, ಹಾಗೆ. ಚೆಂದ ಕಾಣ್ತದೆ."

"ಮೇಲೆ ಇನ್ನೂ ಮಂಜಿರಬೇಕು" ಎಂದೆ. ಹಾಗೆಂದು ಹೇಳಿದ ನನ್ನ ದನಿ ಈಗಲೂ ನನಗೆ ಕೇಳಿಸುತ್ತದೆ. ಬಣ್ಣ ಬೇರೆ ಎಂದಾಗಲೇ ಅವರನ್ನು ಹಿಂದಕ್ಕೆಳೆಯಬೇಕಿತ್ತು. ನಾನೇ ಕೂರಿಸಿದ ಮುಚ್ಚಳ ಅಲ್ಲಿಲ್ಲದಿರಬಹುದು ಎಂಬ ಯೋಚನೆಯೇ ತಲೆಗೆ ಬರಲಿಲ್ಲ. ಬದಲಿಗೆ ಕ್ಯಾಮೆರಾಕ್ಕೆ ಅದರ ಮಸೂರ ಹಾಕಿ, ಪಕ್ಕಕ್ಕೆ ಸರಿದು, ಅಪ್ಪನ ಮುಖದ ಮೇಲಷ್ಟೇ ಗಮನವಿಟ್ಟು, ಕೊಳವೆಗೆ ಕಣ್ಣಿಟ್ಟು ನಿಂತ ಅವರದೇ ಒಂದು ಫೋಟೋ ತೆಗೆದೆ.

ಅಪ್ಪ ನಿಧಾನವಾಗಿ ಹೇಳುತ್ತಿದ್ದರು. "ನಿನ್ನೆಯ ದೊಡ್ಡವು ಎರಡೂ ಮಧ್ಯಕ್ಕೆ ಬಂದಿವೆ. ಅವುಗಳ ಕೆಳಗೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣದು. ಅಚ್ಛಾ, ಅಂಚಿನಲ್ಲಿ ಹೊಸದೊಂದು ಬಂದಿದೆ ನೋಡು. ಬಾಲ ಇದೆ ಅದಕ್ಕೆ. ಅಲ್ಪವಿರಾಮ ಹಾಕಿದ ಹಾಗೆ."

ಆ ಹೊಸ ಕಲೆಯನ್ನು ನಾನು ಗಮನಿಸಿರಲಿಲ್ಲ. ಕೊಳವೆಯನ್ನು ಸ್ವಲ್ಪ ಸರಿಸಿದರೆ ಅಂಚು ಇನ್ನೂ ಚೆನ್ನಾಗಿ ಕಂಡೀತೆಂದು ಮುಂಭಾಗಕ್ಕೆ ಹೋದೆ. ಕೈ ಚಾಚಿದವನು ಹಾಗೇ ನಿಂತೆ. ಕೊಳವೆಯ ಬಾಯಲ್ಲಿ ಕಪ್ಪು ಇರಲಿಲ್ಲ. ಮಸೂರ ಬೆತ್ತಲೆಯಾಗಿತ್ತು. ಅದರಲ್ಲಿ ಸೂರ್ಯ ಝಗ್ಗೆಂದು ಹೊಳೆಯುತ್ತಿದ್ದ.

ಓಡಿಬಂದು ಎರಡೂ ಕೈಯಲ್ಲಿ ಅಪ್ಪನನ್ನು ನೂಕಿದೆ. ಅವರು ಹಿಂದಕ್ಕೆ ಬಿದ್ದದ್ದು ಭಾಟಿಯಾ ಆಂಟಿಯ ವಡಿಗಳ ಮೇಲೆ. "ಹಾಯ್ ರಬ್ಬಾ! ಬಾಪ್ ಕೋ ಧಕ್ಕಾ ದೇತಾ ಹೈ?" ಅಪ್ಪನನ್ನೇ ನೂಕುತ್ತೀಯಾ ಎಂದು ಆಂಟಿ ಚೀರಿದರು. ವಡಿಗಳ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಚೂರೊಂದನ್ನು ಹರಿದು, ಅಪ್ಪ ಕಣ್ಣಿಟ್ಟಿದ್ದ ಜಾಗಕ್ಕೆ ಹಿಡಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಬಹುಶಃ ಏನೂ ಆಗದಿರಲಿ ಎಂಬ ಆಸೆ ಇರಬೇಕು. ಕಾಗದದ ಮೇಲೆ ಕಣ್ಣು ಕೋರೈಸುವ ಚುಕ್ಕೆ ಬಿತ್ತು, ಕಂದಾಯಿತು, ಹೊಗೆ ಎದ್ದಿತು, ತೂತಾಯಿತು. "ಅಪ್ಪಾ" ಎಂದು ಕರೆಯಲು ಬೇಕಾಗುವಷ್ಟು ಹೊತ್ತೂ ಹಿಡಿಯಲಿಲ್ಲ. ಅಪ್ಪ ಅಲ್ಲಿ ಕಣ್ಣಿಟ್ಟು ಒಂದೊಂದೇ ಕಲೆಯನ್ನು ಹೇಳುತ್ತಾ ನಿಂತಿದ್ದರು.

"ಮುಚ್ಚಳ ಎಲ್ಲಿ?" ಎಂದು ಕಿರುಚಿದೆ.

ಆಯಿ ರಂಗೋಲಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಮಾಳಿಗೆಯ ಅಂಚಿನ ಕಟ್ಟೆಯ ಕಡೆ ತೋರಿಸಿದಳು. ಮುಚ್ಚಳ ಅಲ್ಲಿ ಅಂಗಾತ ಕೂತಿತ್ತು, ಅದರೊಳಗೆ ಉಳಿದ ಎಕ್ಕದ ಎಲೆಗಳು, ಮೇಲೆ ಸ್ವಲ್ಪ ಕುಂಕುಮ, ಅಕ್ಷತೆ. "ಅವನ ಹಬ್ಬದ ದಿನ ಅವನ ಮುಖಕ್ಕೇ ಕರೀ ಮುಚ್ಚಳ ಹಿಡಿದಿಟ್ಟಿದ್ದೆಯಲ್ಲೋ. ಧೂಳು ಬೀಳ್ಬಾರ್ದು ಅಂತ ಹಾಕಿದ್ದೇನೋ ಅಂದ್ಕೊಂಡೆ. ಅರ್ಘ್ಯ ಕೊಡುವಷ್ಟು ಹೊತ್ತು ತೆಗೆದಿಟ್ಟೆ. ಎಲೆ ಹಾರಿಹೋಗ್ತಿತ್ತು, ಅದರಲ್ಲೇ ಹಾಕಿದೆ..." ಎನ್ನುತ್ತಿದ್ದವಳು ನನ್ನ ಕೈಯ ಕಾಗದ ನೋಡಿದಳು, ಅಪ್ಪನನ್ನು ನೋಡಿದಳು.

ಅಪ್ಪ ವಡಿಗಳ ನಡುವೆ ಕೂತು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಿದ್ದರು. ಅವರು ಕೈ ತೆಗೆದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು.

"ಯಾಕೆ ಎಲ್ಲರೂ ಹೆಣ ಕಂಡವರ ಹಾಗೆ ನೋಡ್ತೀರಿ? ನನಗೆ ಏನೂ ಆಗಿಲ್ಲ. ಕಣ್ಣು ತಂಪಾಗಿದೆ."

ಸ್ಕೂಟರ್ ರಿಕ್ಷಾ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಿದೆವು. ಭಾನುವಾರವಾದ್ದರಿಂದ ತುರ್ತು ವಿಭಾಗದಲ್ಲಿ ಕಿರಿಯ ವೈದ್ಯನೊಬ್ಬನಿದ್ದ. ಕಣ್ಣಿಗೆ ದೀಪ ಹಿಡಿದು ನೋಡಿ, ಸದ್ಯಕ್ಕೆ ಏನೂ ಕಾಣುವುದಿಲ್ಲ ಎಂದ. ನನ್ನನ್ನು ಹೊರಗೆ ಕರೆದು, ಇದನ್ನು ನಂಬಿ ಕೂರಬೇಡ ಎಂದೂ ಹೇಳಿದ. ಕಣ್ಣಿನ ಹಿಂಪರದೆಗೆ ನೋವು ಗೊತ್ತಾಗುವುದಿಲ್ಲವಂತೆ. ಸುಟ್ಟಿದ್ದರೆ ಸಂಜೆಗೋ ನಾಳೆ ಬೆಳಗ್ಗೆಗೋ ತಿಳಿಯುತ್ತದಂತೆ. ಆಗ ಏನನ್ನು ನೋಡಿದರೂ ಅದರ ನಟ್ಟನಡುವೆ ಒಂದು ಕಪ್ಪು ಕಲೆ ಕಾಣುತ್ತದೆ, ಯಾರ ಮುಖ ನೋಡಿದರೂ ಆ ಮುಖವೇ ಕಾಣುವುದಿಲ್ಲ. "ಒಂದೇ ಕಣ್ಣಲ್ಲವೇ?" ಎಂದು ಕೇಳಿದ.

ಅಪ್ಪನಿಗೆ ಇದನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ದಾರಿಯಲ್ಲೇ ಹೇಳಿದೆ. ಅವರು ರಿಕ್ಷಾದ ಹೊರಗೆ ನೋಡುತ್ತಾ, "ಅಚ್ಛಾ. ಹಾಗಾದ್ರೆ ನಾಳೆ ತನಕ ಟೈಮಿದೆ" ಎಂದರು.

ಆ ಮಧ್ಯಾಹ್ನ, ಆ ಸಂಜೆ ನಾನು ಹೇಗೆ ಕಳೆದೆನೋ ಬರೆಯಲು ಬರುವುದಿಲ್ಲ. ಅಪ್ಪ ಮಾತ್ರ ಅದೇ ಒಂದು ಕೆಲಸವೆಂಬಂತೆ ಮನೆಯನ್ನು ನೋಡತೊಡಗಿದರು. ಗೋಡೆಯ ಮೇಲಿನ ಅಜ್ಜನ ಪಟ, ಕಿಟಕಿಯಾಚೆಯ ಬೇವಿನ ಮರ, ಪುಸ್ತಕಗಳ ಬೆನ್ನು, ಎಲ್ಲವನ್ನೂ ಹತ್ತಿರ ಹೋಗಿ, ದೂರ ನಿಂತು, ನೋಡಿದರು. "ಆ ಹಳದಿ ಸೀರೆ ಉಟ್ಕೋ ಮಾರಾಯ್ತಿ, ಹಬ್ಬ ಅಲ್ವಾ" ಎಂದು ಆಯಿಗೆ ಹೇಳಿದರು. ಆಯಿ ಅಳುತ್ತಲೇ ಉಟ್ಟು ಬಂದು ಎದುರಿಗೆ ಕೂತಳು. ನನ್ನನ್ನು ಕರೆದು, "ನಿನ್ನ ಕಿವಿಯ ಹಿಂದೆ ಒಂದು ಮಚ್ಚೆ ಇದೆ, ಇಷ್ಟು ವರ್ಷ ನಾನು ನೋಡಿರ್ಲೇ ಇಲ್ಲ" ಎಂದರು. ನಾನು ಸ್ವಲ್ಪ ಸ್ವಲ್ಪ ಹೊತ್ತಿಗೂ ಪಂಚಾಂಗದ ಚಿಕ್ಕಕ್ಷರಗಳನ್ನು ಅವರ ಮುಂದೆ ಹಿಡಿದು, "ಮಧ್ಯೆ ಕಪ್ಪಗೆ ಏನಾದ್ರೂ ಕಾಣ್ತದಾ?" ಎಂದು ಕೇಳುತ್ತಿದ್ದೆ. ಕೊನೆಗೆ ಅವರಿಗೆ ರೇಗಿತು. "ಸಾಕು ಮಾರಾಯ. ಕಂಡರೆ ನಾನೇ ಹೇಳ್ತೇನೆ. ನೀನು ಹೀಗೆ ಕೇಳ್ತಾ ಇದ್ರೆ ಇಲ್ಲದ್ದೂ ಕಾಣ್ಲಿಕ್ಕೆ ಶುರುವಾದೀತು."

ಬೆಳಗಾದಾಗ ಪತ್ರಿಕೆ ಮಗುಚುವ ಸದ್ದು ಕೇಳಿಸಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತೆ, ಒಳಗೆ ಕಾಲಿಡಲು ಧೈರ್ಯವಿರಲಿಲ್ಲ. ಅಪ್ಪ ತಲೆ ಎತ್ತಲಿಲ್ಲ. "ತಮಾ, ಈ ಎರಡನೇ ಕಾಲಂನಲ್ಲಿ ಒಂದು ಅಕ್ಷರ ತಲೆಕೆಳಗಾಗಿ ಕೂತಿದೆ ನೋಡು. ಇವರಿಗೆ ಸಂಬಳ ಯಾರು ಕೊಡ್ತಾರೋ" ಎಂದರು. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿತ್ತು. ಆಯಿ ಹಾಲಿನ ಪಾತ್ರೆ ಕೈಬಿಟ್ಟಿದ್ದಳು.

ಅವತ್ತೇ ಮತ್ತೆ ಆಸ್ಪತ್ರೆಗೆ ಹೋದೆವು. ಹಿರಿಯ ವೈದ್ಯರು ಕಣ್ಣಿಗೆ ಹನಿ ಹಾಕಿ, ಬಹಳ ಹೊತ್ತು ಪರೀಕ್ಷಿಸಿದರು. ಎಲ್ಲೂ ಸುಟ್ಟ ಗುರುತಿಲ್ಲ ಎಂದರು. ನಾನು ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಬೇಟಾ, ಆ ಕಪ್ಪು ಗಾಜು ಇದ್ದೇ ಇರಬೇಕು. ಇಲ್ಲದಿದ್ದರೆ ಈ ಕಣ್ಣು ಇರುತ್ತಿರಲಿಲ್ಲ" ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಫಿಲ್ಮ್ ತೊಳೆದಾಗ ನನಗಿದ್ದ ಆ ಸಮಾಧಾನವೂ ಹೋಯಿತು. ಅಪ್ಪನ ಫೋಟೋ ಸ್ಪಷ್ಟವಾಗಿ ಬಂದಿತ್ತು. ಅಪ್ಪ ಬಗ್ಗಿ ಕಣ್ಣಿಟ್ಟಿದ್ದಾರೆ. ಕೊಳವೆಯ ಬಾಯಿ ತೆರೆದಿದೆ. ಹಿಂದೆ ಕಟ್ಟೆಯ ಮೇಲೆ ಮುಚ್ಚಳ, ಅದರ ಅಂಚಿನಿಂದ ಹೊರಚಾಚಿದ ಎಕ್ಕದ ಎಲೆ. ಮಂಜಿತ್ತೇನೋ ಎಂದರೆ ತಂತಿಯ ನೆರಳು ನೆಲದ ಮೇಲೆ ಚೂಪಾಗಿ ಬಿದ್ದಿದೆ. ಕೊಳವೆ ಸೂರ್ಯನ ಕಡೆಗೆ ಇರಲಿಲ್ಲವೇನೋ ಎಂದರೆ ಅದರ ನೆರಳು ದುಂಡಗಿದೆ. ಅಪ್ಪ ಹಿಂದಿನ ದಿನದ ನೆನಪಿನಿಂದ ಹೇಳಿರಬಹುದು ಎಂದು ಒಬ್ಬ ಗೆಳೆಯ ವಾದಿಸಿದ. ಆದರೆ ಅದೇ ಫಿಲ್ಮಿನಲ್ಲಿ, ಮುಚ್ಚಳ ಹಾಕಿಕೊಂಡು ನಾನು ತೆಗೆದ ಸೂರ್ಯನ ಫೋಟೋಗಳಲ್ಲಿ, ಅಂಚಿನಲ್ಲಿ ಹೊಸ ಕಲೆಯೊಂದಿತ್ತು. ಹಿಂದಿನ ದಿನದ ಫೋಟೋಗಳಲ್ಲಿ ಅದಿಲ್ಲ. ಅದಕ್ಕೆ ಬಾಲವಿತ್ತು, ಅಲ್ಪವಿರಾಮದಂತೆ. ಅಪ್ಪ ನೋಡಿದ್ದು ಸೂರ್ಯನನ್ನೇ. ಅದರಲ್ಲಿ ಅನುಮಾನವೇ ಇಲ್ಲ.

ಮುಂದಿನ ಭಾನುವಾರ ಅದೇ ಹೊತ್ತಿಗೆ, ಮುಚ್ಚಳವಿಲ್ಲದೆ, ಕೊಳವೆಯ ಹಿಂದೆ ಕಾಗದ ಹಿಡಿದೆ. ಸುಟ್ಟಿತು. ಮತ್ತೊಂದು ಹಿಡಿದೆ. ಅದೂ ಸುಟ್ಟಿತು. ನಾನು ಸುಡುತ್ತಾ ಹೋಗುವುದನ್ನು ಮೆಟ್ಟಿಲ ಬಳಿ ನಿಂತು ನೋಡಿದ ಅಪ್ಪ, "ಆಗ್ಬೇಕಾದ್ದು ಆಗ್ಲಿಲ್ಲ. ಬಿಟ್ಟುಬಿಡು" ಎಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡರು.

ಸುದ್ದಿ ಕಾಲನಿಯಲ್ಲಿ ಹರಡಿತು. ಬಂದವರೆಲ್ಲ ಆಯಿಗೆ ಕೈಮುಗಿದು, ಸೂರ್ಯದೇವನೇ ಉಳಿಸಿದ, ಅವನ ದಿನವೇ ಅಲ್ಲವೇ ಎಂದರು. ಇದನ್ನು ಕೇಳಿದರೆ ಆಯಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳು ಮಾತ್ರ ಬಿಳುಚಿಕೊಳ್ಳುತ್ತಿದ್ದಳು. ಒಮ್ಮೆ ಎಲ್ಲರೂ ಹೋದ ಮೇಲೆ, "ಅವನು ಉಳಿಸಿದ ಅಂತ ನೀನಾದ್ರೂ ಹೇಳ್ಬೇಡ. ಹಾಗಾದ್ರೆ ನನ್ನ ಕೈಯಲ್ಲಿ ಮುಚ್ಚಳ ತೆಗೆಸಿದ್ದು ಯಾರು?" ಎಂದಳು. ಆಮೇಲೆ ರಥಸಪ್ತಮಿಯ ದಿನ ಅವಳು ಅಡುಗೆಮನೆಯ ಕಿಟಕಿಯಿಂದಲೇ, ತಲೆ ಎತ್ತದೆ, ಅರ್ಘ್ಯ ಕೊಡುತ್ತಿದ್ದಳು.

ಮರುವರ್ಷ ಗ್ರಹಣ ಬಂತು. ಅಪ್ಪ ಹಟ ಹಿಡಿದು ನಮ್ಮನ್ನು ಊರಿಗೆ ಕರೆದುಕೊಂಡು ಹೋದರು. ಆ ದಿನ ಊರವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಆಯಿಯೂ ಹೊರಗೆ ಬರಲಿಲ್ಲ. ಸಮುದ್ರದ ದಂಡೆಯಲ್ಲಿ ನಾನು, ಅಪ್ಪ, ಮೂರು ಕಾಲಿನ ಮೇಲೆ ನಿಲ್ಲಿಸಿದ ಕೊಳವೆ, ಅದಕ್ಕೆ ಕೂರಿಸಿದ ಕ್ಯಾಮೆರಾ, ಇಷ್ಟೇ. ಮುಚ್ಚಳವನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ. ಸೂರ್ಯ ಪೂರ್ತಿ ಮುಚ್ಚಿದ ಆ ಸ್ವಲ್ಪ ಹೊತ್ತು ಮಾತ್ರ ಬರಿಗಣ್ಣಿನಿಂದ ನೋಡಬಹುದು, ಅಪಾಯವಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅಪ್ಪನಿಗೂ ನಾನೇ ಹೇಳಿಕೊಟ್ಟಿದ್ದೆ. ಮರಳ ಮೇಲೆ ನೆರಳು ಓಡಿಬಂತು, ಗಾಳಿ ತಣ್ಣಗಾಯಿತು, ದಂಡೆಯ ಹಕ್ಕಿಗಳು ಒಮ್ಮೆಲೇ ಸುಮ್ಮನಾದವು. ಕತ್ತಲಾಯಿತು. ಅಪ್ಪ ಮುಖ ಮೇಲೆತ್ತಿದರು.

ಅಷ್ಟು ದಿನದ ತಯಾರಿಯೆಲ್ಲ ಆ ಹೊತ್ತಿಗಾಗಿ. ಕ್ಯಾಮೆರಾದ ಗುಂಡಿಯ ಮೇಲೆ ನನ್ನ ಬೆರಳಿತ್ತು. ಆದರೆ ನನಗೆ ಆಕಾಶದ ಕಡೆ ತಿರುಗಲಾಗಲಿಲ್ಲ. ಸೂರ್ಯನಿಗೆ ಬೆನ್ನು ಮಾಡಿ, ಅಪ್ಪನ ಎದುರಿಗೆ ನಿಂತೆ.

"ಅವತ್ತು ಕಂಡ ಬಿಳುಪು ಇದೇನಾ ಅಪ್ಪ?" ಎಂದು ಕೇಳಿದೆ.

"ಅಲ್ಲ ತಮಾ" ಎಂದರು ನಿಧಾನವಾಗಿ. "ಇದೂ ಚೆಂದ ಇದೆ. ಅದು ಇದಲ್ಲ."

ಅದು ಏನೆಂದು ಅವರೂ ಹೇಳಲಿಲ್ಲ, ನನಗೂ ಇವತ್ತಿನವರೆಗೆ ತಿಳಿದಿಲ್ಲ. ಅಪ್ಪ ಕೊನೆಯವರೆಗೂ ಆ ಕಣ್ಣಿನಿಂದಲೇ ಓದಿದರು. ಅವರು ಎಂದಾದರೂ ಕಣ್ಣು ಉಜ್ಜಿಕೊಂಡರೆ ನಾನು ಕೈಯ ಕೆಲಸ ಬಿಟ್ಟು ಎದ್ದು ಬರುತ್ತಿದ್ದೆ. ಸುಟ್ಟು ತೂತಾದ ಆ ಪತ್ರಿಕೆಯ ಚೂರು ಮತ್ತು ಆ ಫೋಟೋ ಒಂದೇ ಲಕೋಟೆಯಲ್ಲಿ ನನ್ನ ಬಳಿ ಇವೆ. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಡುವ ಧೈರ್ಯ ನನಗೆ ಅಪರೂಪಕ್ಕೆ ಬರುತ್ತದೆ. ಗ್ರಹಣ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನೋಡಲಿಲ್ಲ ಎನ್ನುತ್ತೇನೆ. ಅಷ್ಟು ಹೊತ್ತೂ ನಾನು ಅಪ್ಪನ ಬಲಗಣ್ಣನ್ನೇ ನೋಡುತ್ತಾ ನಿಂತಿದ್ದೆ. ಆ ಕತ್ತಲಲ್ಲಿ ಅದು ರೆಪ್ಪೆ ಬಡಿಯದೆ ತೆರೆದೇ ಇತ್ತು.